ಅಜ್ಜನ ಪ್ರಸಂಗ ಪುಸ್ತಕಕ್ಕೊಂದು ಭೂತಗನ್ನಡಿ: ಟಿಕಿಂಟರ್‌ನಲ್ಲಿ ಮೂರು ದಾರಿ

ಬದಿಯಡ್ಕದ ನಮ್ಮ ಮನೆಯಲ್ಲಿ ಅಜ್ಜ ಕೈಯಲ್ಲಿ ಬರೆದಿಟ್ಟ ಯಕ್ಷಗಾನ ಪ್ರಸಂಗದ ಪುಸ್ತಕವೊಂದಿದೆ. ಶಾಯಿ ಮಾಸಿ ಮಾವನಿಗೆ ಓದಲು ಕಷ್ಟ. ಪುಟಗಳನ್ನು ಸ್ಕ್ಯಾನ್ ಮಾಡಿ, ಮೌಸ್ ಇಟ್ಟ ಜಾಗ ಮಾತ್ರ ಮೂರು ಪಟ್ಟು ದೊಡ್ಡದಾಗಿ ಕಾಣುವ ಪುಟ್ಟ ಪ್ರೋಗ್ರಾಂ ಬರೆಯಲು ಕೂತೆ.

ಮೊದಲು ಹಳೇ ಆವೃತ್ತಿಯ ಪೈಥಾನ್ ಭಾಷೆಯಲ್ಲೇ, ಅದರ ಜೊತೆಗೇ ಬರುವ ಟಿಕಿಂಟರ್ ಬಳಸಿ ನೋಡಿದೆ; ಪರದೆಯ ಮೇಲೆ ಕಿಟಕಿ, ಚಿತ್ರ ತೋರಿಸುವ ಸಲಕರಣೆ ಅದು. ಅಲ್ಲಿ ಚಿತ್ರವನ್ನು ಹಿಡಿದಿಡುವ ಫೋಟೋಇಮೇಜ್‌ನ ಜೂಮ್‌ಗೆ ಚಿತ್ರದ ಒಂದು ತುಂಡು ಸಾಕು ಎಂದು ಹೇಳಲು ಆಗುವುದಿಲ್ಲ, ಇಡೀ ಪುಟವನ್ನೇ ಹಿಗ್ಗಿಸಬೇಕು. ನನ್ನ ಪುಟ 2480 × 3508 ಪಿಕ್ಸೆಲ್. ಉದ್ದ ಅಗಲ ಮೂರು ಪಟ್ಟಾದರೆ ಪಿಕ್ಸೆಲ್ 7.8 ಕೋಟಿ, ಒಂದಕ್ಕೆ 4 ಬೈಟ್ ಲೆಕ್ಕದಲ್ಲಿ 300 ಎಂಬಿ ದಾಟುತ್ತದೆ. ಮಾವನ ಲ್ಯಾಪ್‌ಟಾಪ್ ಅಲ್ಲೇ ಸ್ತಬ್ಧವಾಯಿತು. ಟಿಕಿಂಟರ್‌ನ ಒಳಗೆ ಕೆಲಸ ಮಾಡುವ ಟಿಕೆಗೆ ತುಂಡು ಕತ್ತರಿಸುವುದು ಮೊದಲಿನಿಂದಲೂ ಗೊತ್ತು, ಅದನ್ನು ನೇರವಾಗಿ ಕರೆದರೂ ಕೆಲಸ ಆಗುತ್ತದೆ. ಆದರೆ ಆ ಕೋಡ್ ಆರು ತಿಂಗಳ ನಂತರ ನನಗೇ ಅರ್ಥವಾಗಲಿಕ್ಕಿಲ್ಲ.

2024ರ ಅಕ್ಟೋಬರ್‌ನಲ್ಲಿ ಬಂದ ಪೈಥಾನ್ 3.13 ಈ ಕೊರತೆ ತುಂಬಿದೆ. ನಕಲು ಮಾಡುವ ಕಾಪಿ, ಹಿಗ್ಗಿಸುವ ಜೂಮ್, ಕುಗ್ಗಿಸುವ ಸಬ್‌ಸ್ಯಾಂಪಲ್ ಮೂರಕ್ಕೂ ಈಗ ಫ್ರಮ್_ಕೋಆರ್ಡ್ಸ್, ಅಂದರೆ ಯಾವ ತುಂಡು ಬೇಕು ಎಂಬ ಅಂಕೆಗಳನ್ನು ಕೊಡಬಹುದು. ಕಾಪಿ ಪ್ರತಿ ಸಲ ಹೊಸ ಚಿತ್ರ ಮಾಡುತ್ತದೆ. ಅದನ್ನು ಎಲ್ಲಾದರೂ ಹಿಡಿದಿಟ್ಟುಕೊಳ್ಳದಿದ್ದರೆ ಪರದೆ ಖಾಲಿ; ನಾನು ಒಂದು ಸಂಜೆ ಇದರಲ್ಲೇ ಕಳೆದೆ. ನನಗೆ ಬೇಕಿದ್ದದ್ದು, ಇರುವ ಚಿತ್ರದ ಮೇಲೇ ನಕಲು ಕೂರಿಸುವ ಹೊಸ ಕಾಪಿ_ರಿಪ್ಲೇಸ್. 900 × 300ರ ಒಂದೇ ಖಾಲಿ ಚಿತ್ರ ಮಾಡಿಟ್ಟೆ. ಮೌಸ್ ಸರಿದಂತೆ ಪುಟದ 300 × 100 ತುಂಡು, ಜೂಮ್ 3 ಆಗಿ, ಅದರ ಮೇಲೇ ಬಂದು ಕೂರುತ್ತದೆ. ಎಷ್ಟು ಹಗುರ ಅಂತೀರಿ! ಒಂದು ಎಚ್ಚರ ಬೇಕು: ತುಂಡು ಪುಟದ ಅಂಚು ದಾಟಿದರೆ ಎರರ್ ಬರುತ್ತದೆ. ಅಂಕೆಗಳನ್ನು ನಾವೇ ಒಳಗೆ ತಡೆದಿಡಬೇಕು.

ಮೂರನೆಯದು ಪಿಲ್ಲೋ, ಪೈಥಾನ್‌ಗೆ ಬೇರೆಯಾಗಿ ಹಾಕಿಕೊಳ್ಳುವ ಚಿತ್ರಗಳ ಲೈಬ್ರರಿ. ಅಂಚು ದಾಟಿದರೂ ತುಂಡು ಕತ್ತರಿಸುವ ಅದರ ಕ್ರಾಪ್ ತಕರಾರು ಮಾಡುವುದಿಲ್ಲ, ಹೊರಗಿನ ಭಾಗ ಕಪ್ಪಾಗುತ್ತದೆ ಅಷ್ಟೇ. ಅಕ್ಕಪಕ್ಕದ ಪಿಕ್ಸೆಲ್‌ಗಳನ್ನು ಬೆರೆಸುವ ಲ್ಯಾಂಕ್ಜೋಸ್ ವಿಧಾನದಲ್ಲಿ ಹಿಗ್ಗಿಸಿದರೆ ಅಕ್ಷರ ನಯವಾಗಿ ಕಾಣುತ್ತದೆ. ಆದರೆ ನನಗೆ ಆ ನಯವೇ ತೊಂದರೆ ಕೊಟ್ಟಿತು. ಮಾಸಿದ ಒಂದು 'ಥ'ದ ನಡುವಿನ ಚುಕ್ಕೆ ಸುತ್ತಲಿನ ಕಲೆಯೊಂದಿಗೆ ಬೆರೆತು 'ಧ'ದಂತೆ ಕಂಡಿತು. ಟಿಕಿಂಟರ್‌ನ ಜೂಮ್ ಪಿಕ್ಸೆಲ್‌ಗಳನ್ನು ಸುಮ್ನೆ ಚೌಕ ಚೌಕವಾಗಿ ದೊಡ್ಡದು ಮಾಡುತ್ತದೆ. ನೋಡಲು ಒರಟು, ಆದರೆ ಚುಕ್ಕೆ ಚುಕ್ಕೆಯಾಗಿಯೇ ಉಳಿಯಿತು. ಪಿಲ್ಲೋದಲ್ಲೂ ಪಿಕ್ಸೆಲ್ ಬೆರೆಸದ ನಿಯರೆಸ್ಟ್ ವಿಧಾನ ಕೊಟ್ಟರೆ ಹೀಗೇ ಬರುತ್ತದೆ. ಹಾಗಾದರೆ ಸುತ್ತಿ ಬಳಸಿ ಹೋಗುವುದೇಕೆ, ಅಲ್ವಾ?

ಪಿಲ್ಲೋವನ್ನು ಪೂರ್ತಿ ಬಿಟ್ಟಿಲ್ಲ. ಸ್ಕ್ಯಾನರ್ ಕೊಡುವುದು ಜೆಪೆಗ್, ಟಿಕಿಂಟರ್ ಅದನ್ನು ತಾನಾಗಿ ತೆರೆಯುವುದಿಲ್ಲ, ಪಿಎನ್‌ಜಿಯಾದರೆ ತೆರೆಯುತ್ತದೆ. ಪುಟಗಳನ್ನು ಒಮ್ಮೆ ಬದಲಿಸಿಕೊಳ್ಳಲು ಪಿಲ್ಲೋ, ಆಮೇಲೆ ಭೂತಗನ್ನಡಿಗೆ ಕಾಪಿ_ರಿಪ್ಲೇಸ್.