ಸೊಳ್ಳೆ ಯಂತ್ರದ ಟ್ರೇಯಲ್ಲಿ ಏನೇನಿತ್ತು

ಐದಕ್ಕೆ ಒಂದೂವರೆ ಸ್ಟಾರ್. ಆ ಅರ್ಧ ಸ್ಟಾರ್ ಸಂದದ್ದು ಟ್ರೇಗೆ; ಸಲೀಸಾಗಿ ಜಾರಿ ಈಚೆ ಬರುತ್ತದೆ, ತೊಳೆಯುವುದೂ ಸುಲಭ.

ಬಾಲ್ಕನಿಯಲ್ಲಿ ತೂಗುಹಾಕುವ ನೀಲಿ ದೀಪದ ಯಂತ್ರ ಇದು. ಹುಳ ಬಂದು ತಾಗಿದರೆ ಚಟ್ ಎಂದು ಸುಡುತ್ತದೆ. ಅಳಿಯ ತಂದುಕೊಟ್ಟದ್ದು. ಕಂಪನಿಯ ಹೆಸರು ಬರೆಯುವುದಿಲ್ಲ, ಬರೆದು ಉಪಯೋಗವೂ ಇಲ್ಲ. ಹೊರಗಿನ ಪ್ಲಾಸ್ಟಿಕ್ಕಿನ ಬಣ್ಣ ಬೇರೆಯಾದರೂ ಒಳಗೆ ಎಲ್ಲದರಲ್ಲೂ ಇರುವುದು ಅದೇ: ನೇರಳಾತೀತ ಕಿರಣ ಬೀರುವ ಒಂದು ಟ್ಯೂಬ್, ಅದರ ಸುತ್ತ ಕೆಲವೇ ಮಿಲಿಮೀಟರ್ ಸಂದು ಬಿಟ್ಟು ನಿಲ್ಲಿಸಿದ ತಂತಿ ಜಾಲರಿ, ವೋಲ್ಟೇಜನ್ನು ಸಾವಿರದಾಚೆಗೆ ಏರಿಸುವ ಸರ್ಕ್ಯೂಟು. ಹುಳದ ಮೈ ಆ ಸಂದಿಗೆ ಸೇತುವೆಯಾಯಿತೋ, ಕಥೆ ಮುಗಿಯಿತು.

ನಾನು ಕಾಲೇಜೊಂದರ ಪ್ರಾಣಿಶಾಸ್ತ್ರ ಲ್ಯಾಬಿನಲ್ಲಿ ಅಟೆಂಡರ್ ಆಗಿದ್ದವಳು. ಪಾಠ ಮಾಡಿದವಳಲ್ಲ. ಆದರೆ ಪ್ರಾಕ್ಟಿಕಲ್ ಪರೀಕ್ಷೆಯ ಹಿಂದಿನ ದಿನ ಜಿರಳೆ ಹಿಡಿದಿಡುತ್ತಿದ್ದವಳು ನಾನೇ. ಬಾಟಲಿಗಳ ಫಾರ್ಮಲಿನ್ ಬದಲಿಸುತ್ತಿದ್ದವಳೂ ನಾನೇ. ಹಾಗಾಗಿ ಹುಳ ಕಂಡ ಕೂಡಲೇ ಕಾಲು ಎಣಿಸುವ ಚಟ ನಿವೃತ್ತಿಯಾದರೂ ಬಿಟ್ಟಿಲ್ಲ. ಬೇರೆಯವರು ಈ ಟ್ರೇಯನ್ನು ಮೂಗು ಮುಚ್ಚಿಕೊಂಡು ಕಸದ ಬುಟ್ಟಿಗೆ ಕೊಡವಿಬಿಡುತ್ತಾರೆ. ನಾನು ಬೆಳಿಗ್ಗೆ ಅದನ್ನು ಬಿಳಿ ತಟ್ಟೆಗೆ ಸುರಿದು, ಸಣ್ಣ ಬ್ರಷ್ಷಿನಲ್ಲಿ ಬಿಡಿಸಿ, ಲೆನ್ಸ್ ಹಿಡಿದು ಕೂರುತ್ತೇನೆ. ಈ ವಿಮರ್ಶೆಯೆಲ್ಲ ಆ ತಟ್ಟೆಯದ್ದು.

ಅಳಿಯನಿಗೆ ಯಂತ್ರದ ಮೇಲೆ ಬಹಳ ನಂಬಿಕೆ. ಸಂಜೆ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು, "ಅತ್ತೆ, ಕೇಳಿಸಿತಾ? ಇನ್ನೊಂದು ಸೊಳ್ಳೆ ಹೋಯ್ತು" ಅನ್ನುತ್ತಾರೆ. ಹಾಗೆ ಅನ್ನುತ್ತಲೇ ಮೊಣಕಾಲು ಕೆರೆದುಕೊಳ್ಳುತ್ತಾರೆ.

ತಟ್ಟೆಯಲ್ಲಿ ಸೊಳ್ಳೆಯಂತೆ ಕಾಣುವುದು ಬೇಕಾದಷ್ಟಿತ್ತು ನಿಜ. ಲೆನ್ಸ್ ಹಿಡಿದರೆ ಬಹುಪಾಲಿಗೆ ಸೊಂಡಿಲೇ ಇಲ್ಲ. ಅವು ಕೈರೋನೊಮಿಡ್ ಎಂಬ ಕುಟುಂಬದ ನೊರಜುಗಳು. ಕಚ್ಚುವುದಿಲ್ಲ, ಕಚ್ಚಲು ಬೇಕಾದ ಬಾಯಿಯೇ ಅವಕ್ಕಿಲ್ಲ. ರೆಕ್ಕೆ ಬಂದ ಮೇಲೆ ಬದುಕುವುದೂ ಕೆಲವೇ ದಿನ. ಜೀವಂತವಾಗಿ ಗೋಡೆಯ ಮೇಲೆ ಕೂತಾಗ ಗುರುತಿಸುವುದು ಇನ್ನೂ ಸುಲಭ: ಸೊಳ್ಳೆ ಹಿಂಗಾಲು ಎತ್ತಿಕೊಂಡು ಕೂರುತ್ತದೆ, ಇದು ಮುಂಗಾಲು ಎತ್ತಿಕೊಂಡು ಕೂರುತ್ತದೆ. ಇದರ ಮರಿಹುಳ ಕೆರೆತಳದ ಕೆಸರಿನಲ್ಲಿ ಕೊಳೆತದ್ದನ್ನು ತಿಂದು ಬೆಳೆಯುತ್ತದೆ. ಉಸಿರಾಡುವುದಕ್ಕೆ ಆಮ್ಲಜನಕವೇ ಸಾಲದ ಆ ಕೆಸರಿನಲ್ಲಿ ಬದುಕಲು ಕೆಲವು ಜಾತಿಗಳ ಮೈಯಲ್ಲಿ ನಮ್ಮ ರಕ್ತದಲ್ಲಿರುವಂಥ ಹಿಮೋಗ್ಲೋಬಿನ್ ಇದೆ, ಅದಕ್ಕೇ ಅವು ಕಡುಗೆಂಪು. ಅಕ್ವೇರಿಯಂ ಮೀನಿಗೆ 'ಬ್ಲಡ್‌ವರ್ಮ್' ಎಂದು ಹಾಕುವುದು ಇದನ್ನೇ. ನೀರಿನಲ್ಲಿದ್ದಾಗ ಮೀನಿಗೆ, ಹಾರಿದಾಗ ಬಾವಲಿಗೆ, ಬಾನಾಡಿಗೆ ಊಟ. ಸೊಳ್ಳೆಯಂತೆ ಹುಟ್ಟಿದ್ದೊಂದೇ ಅದರ ಅಪರಾಧ.

ಉಳಿದದ್ದರಲ್ಲಿ ಪತಂಗಗಳು, ಕಂದು ದುಂಬಿಗಳು, ಮಳೆ ಬಿದ್ದ ರಾತ್ರಿ ರಾಶಿ ಈಸಲು ಹುಳ. ಮನಸ್ಸಿಗೆ ಕಸಿವಿಸಿಯಾದದ್ದು ಎರಡು ಗುಂಪು ಕಂಡಾಗ. ಒಂದು, ಜಾಲರಿಯಂಥ ರೆಕ್ಕೆಯ ಹಸಿರು ಲೇಸ್‌ವಿಂಗ್. ಇದರ ಮರಿ ಗಿಡದ ಮೇಲಿನ ಸಸ್ಯಹೇನನ್ನು ಕಚ್ಚಿ ಹಿಡಿದು ಹೀರಿ ಬಿಸಾಡುತ್ತದೆ. ಕೀಟನಾಶಕ ಬೇಡವೆನ್ನುವ ಬೆಳೆಗಾರರು ಇದರ ಮೊಟ್ಟೆ ಕೊಂಡು ತಂದು ಬಿಡುತ್ತಾರೆ. ನಾವು ಕರೆಂಟು ಕೊಟ್ಟು ಸುಡುತ್ತಿದ್ದೇವೆ. ಇನ್ನೊಂದು, ಗುಂಡುಸೂಜಿಯ ತಲೆಗಿಂತ ತುಸು ದೊಡ್ಡದಾದ ಪರತಂತ್ರ ಕಣಜಗಳು. ಕಂಬಳಿಹುಳದ ಮೈಯೊಳಗೆ ಮೊಟ್ಟೆಯಿಟ್ಟು ಅದರ ಸಂಖ್ಯೆ ಹತೋಟಿಯಲ್ಲಿಡುವವು ಇವೇ. ಯಂತ್ರದ ಕೆಳಗೇ ನನ್ನ ಗುಲಾಬಿ ಕುಂಡಗಳಿವೆ, ಆದ್ದರಿಂದ ನಷ್ಟ ನನ್ನದೇ.

ಒಂದು ಬಾಲ್ಕನಿಯ ತಟ್ಟೆ ನೋಡಿ ತೀರ್ಪು ಕೊಡುತ್ತಿದ್ದಾಳೆ ಅನ್ನಬೇಡಿ. ಅಮೆರಿಕದ ಡೆಲವೇರ್ ವಿಶ್ವವಿದ್ಯಾಲಯದ ಕೀಟಶಾಸ್ತ್ರಜ್ಞರು ಮನೆಗಳ ಅಂಗಳದಲ್ಲಿ ಇಂಥ 6 ಯಂತ್ರ ತೂಗುಹಾಕಿ, ಬಿದ್ದದ್ದನ್ನು ಒಂದೊಂದಾಗಿ ಬೇರ್ಪಡಿಸಿ 1996ರಲ್ಲಿ ಲೆಕ್ಕ ಪ್ರಕಟಿಸಿದ್ದರು. ಸತ್ತದ್ದು 13,789 ಕೀಟ. ಅದರಲ್ಲಿ ಕಚ್ಚುವಂಥವು, ಸೊಳ್ಳೆಯೂ ಸೇರಿ, 31. ಮತ್ತೆ ಓದಿ, 31. ಬೇರೆ ಕೀಟಗಳನ್ನು ತಿಂದು ಬದುಕುವ ಪರಭಕ್ಷಕ, ಪರತಂತ್ರ ಕೀಟಗಳು 1,868. ಸುಮಾರು ಅರ್ಧದಷ್ಟು, ನೀರಿನಲ್ಲಿ ಹುಟ್ಟಿ ಬಂದ, ಯಾರನ್ನೂ ಕಚ್ಚದ ಹುಳಗಳು. ನನ್ನ ತಟ್ಟೆ ಆ ಪಟ್ಟಿಯ ಚಿಕ್ಕ ಪ್ರತಿಯಂತೆಯೇ ಇತ್ತು.

ಕಾರಣ ಗುಟ್ಟಿನದ್ದೇನಲ್ಲ. ರಕ್ತ ಬೇಕಿರುವುದು ಹೆಣ್ಣು ಸೊಳ್ಳೆಗೆ ಮಾತ್ರ, ಮೊಟ್ಟೆಗಾಗಿ. ಅದು ನಮ್ಮನ್ನು ಹುಡುಕುವುದು ನಾವು ಬಿಡುವ ಉಸಿರಿನ ಇಂಗಾಲದ ಡೈಆಕ್ಸೈಡು, ಬೆವರಿನ ವಾಸನೆ, ಮೈಶಾಖ ಹಿಡಿದು. ನೀಲಿ ಬೆಳಕು ಅದಕ್ಕೆ ಅಷ್ಟಕ್ಕಷ್ಟೆ. ದೀಪದ ಪಕ್ಕ ಕುರ್ಚಿ ಹಾಕಿಕೊಂಡ ಅಳಿಯನೂ ದೀಪವೂ ಪೈಪೋಟಿಗೆ ನಿಂತರೆ ಗೆಲ್ಲುವುದು ಅಳಿಯನೇ. ಡೆಂಗಿ ಹರಡುವ ಈಡಿಸ್ ಸೊಳ್ಳೆಯಂತೂ ಮುಖ್ಯವಾಗಿ ಹಗಲು ಕಚ್ಚುತ್ತದೆ. ಆ ಹೊತ್ತಿಗೆ ಯಂತ್ರ ಆರಿಸಿರುತ್ತೇವೆ. ಕುಂಡದ ತಟ್ಟೆಯಲ್ಲಿ ನಿಂತ ನೀರನ್ನು ವಾರಕ್ಕೊಮ್ಮೆ ಚೆಲ್ಲುವುದು ಈ ಯಂತ್ರಕ್ಕಿಂತ ಹೆಚ್ಚು ಸೊಳ್ಳೆ ಕಡಿಮೆ ಮಾಡುತ್ತದೆ. ಅದಕ್ಕೆ ವಾರಂಟಿ ಕಾರ್ಡ್ ಬೇಡ, ಚಟ್ ಎಂಬ ಸದ್ದೂ ಬರುವುದಿಲ್ಲ. ಸದ್ದು ಬರದಿರುವುದೇ ತೊಂದರೆ ಅನ್ನಿಸುತ್ತದೆ ನನಗೆ. ಜನ ಕೊಳ್ಳುತ್ತಿರುವುದು ಆ ಸದ್ದನ್ನು.

ಹಾಗಾದರೆ ಮಿಕ್ಕವು ಯಾಕೆ ಬಂದು ಬೀಳುತ್ತವೆ? ದೀಪಕ್ಕೆ ಮರುಳಾಗಿ ಅಂತ ನಾವು ಹೇಳಿಕೊಂಡು ಬಂದಿದ್ದೇವೆ. 2024ರಲ್ಲಿ ನೇಚರ್ ಕಮ್ಯುನಿಕೇಷನ್ಸ್ ಪತ್ರಿಕೆಯಲ್ಲಿ ಬಂದ ಸಂಶೋಧನೆಯೊಂದು ವೇಗದ ಕ್ಯಾಮೆರಾದಲ್ಲಿ ನೋಡಿ ಬೇರೆ ಮಾತು ಹೇಳಿತು. ಹಾರುವ ಕೀಟ ತನ್ನ ಬೆನ್ನನ್ನು ಬೆಳಕಿನ ಕಡೆ ಇಟ್ಟುಕೊಂಡು ಯಾವುದು ಮೇಲು, ಯಾವುದು ಕೆಳಗು ಎಂದು ತಿಳಿಯುತ್ತದೆ. ಆಕಾಶ ಮಾತ್ರ ಬೆಳಗುತ್ತಿದ್ದ ಕಾಲದಲ್ಲಿ ಅದು ಸರಿಯಾದ ಲೆಕ್ಕ. ಪಕ್ಕದಲ್ಲಿ ದೀಪ ಹಚ್ಚಿದರೆ ಬೆನ್ನು ಆ ಕಡೆ ವಾಲಿಸಿ ಸುತ್ತುತ್ತಲೇ ಇರುತ್ತದೆ, ಬಿಡಿಸಿಕೊಳ್ಳಲಾಗುವುದಿಲ್ಲ. ಓದಿದ ಮೇಲೆ ಒಂದು ಸಂಜೆ ನಿಂತು ನೋಡಿದೆ: ಪತಂಗವೊಂದು ನಿಜಕ್ಕೂ ಅಡ್ಡಡ್ಡ ವಾಲಿ ಗಿರಕಿ ಹೊಡೆಯುತ್ತಿತ್ತು. ಅಳಿಯನನ್ನೂ ಕರೆದು ತೋರಿಸಿದೆ. ಅವರು ನೋಡುವಷ್ಟರಲ್ಲಿ ಚಟ್.

ಇನ್ನು ಡಬ್ಬದ ಮೇಲಿನ ಚಿತ್ರಗಳ ವಿಚಾರ. ಸೊಳ್ಳೆ, ನೊಣದ ಜೊತೆಗೆ ಜಿರಳೆ, ಜೇಡ ಕೂಡ ಅಚ್ಚಾಗಿವೆ. ಅಡುಗೆಮನೆಯ ಜಿರಳೆ ಬೆಳಕು ಕಂಡರೆ ಸಂದಿಗೆ ಓಡುವ ಪ್ರಾಣಿ. ಬಾಲ್ಕನಿಯ ದೀಪ ಹುಡುಕಿಕೊಂಡು ಯಾಕೆ ಬರುತ್ತದೆ? ಜಿರಳೆಯ ಮೇಲೆ ನನಗೆ ಪ್ರೀತಿ ಉಕ್ಕುತ್ತಿದೆ ಅಂದುಕೊಳ್ಳಬೇಡಿ. ಅದರ ಹಿಕ್ಕೆ, ಪೊರೆಯ ಪುಡಿ ಆಸ್ತಮಾ ಕೆರಳಿಸುತ್ತದೆ, ಮನೆಯೊಳಗೆ ಬೇಡವೇ ಬೇಡ. ಆದರೆ ಅದಕ್ಕೂ ಒಬ್ಬ ಶತ್ರುವಿದ್ದಾನೆ. ಇವ್ಯಾನಿಯಾ ಎಂಬ ಕಪ್ಪು ಕಣಜ, ಜಿರಳೆಯ ಮೊಟ್ಟೆಚೀಲದೊಳಗೆ ತನ್ನ ಮೊಟ್ಟೆಯೊಂದನ್ನು ಇಡುತ್ತದೆ. ಹುಟ್ಟಿದ ಒಂದೇ ಮರಿ ಇಡೀ ಚೀಲ ಖಾಲಿ ಮಾಡುತ್ತದೆ. ಹಗಲಲ್ಲಿ ಕಿಟಕಿಯ ಗಾಜಿನ ಮೇಲೆ ಪುಟ್ಟ ಹೊಟ್ಟೆ ಮೇಲೆ ಕೆಳಗೆ ಆಡಿಸುತ್ತ ಓಡಾಡುವುದು ಅದೇ. ನಮಗೇನೂ ಮಾಡುವುದಿಲ್ಲ. ಕಂಡವರು ಮೊದಲು ಎತ್ತಿಕೊಳ್ಳುವುದು ಪೊರಕೆಯನ್ನು.

ಜೇಡ ಕೀಟವೇ ಅಲ್ಲ, ಎಂಟು ಕಾಲು. ಡಬ್ಬ ಅಚ್ಚು ಹಾಕಿದವರು ಎಣಿಸಿದ್ದರೆ ಗೊತ್ತಾಗುತ್ತಿತ್ತು. ಪೂರ್ವ ಆಫ್ರಿಕಾದ ವಿಕ್ಟೋರಿಯಾ ಸರೋವರದ ಸುತ್ತ, ರಕ್ತ ಕುಡಿದ ಸೊಳ್ಳೆಯನ್ನೇ ಆರಿಸಿ ಹಿಡಿಯುವ ನೆಗೆಜೇಡ ಒಂದಿದೆ. ನಮ್ಮ ಯಂತ್ರದ ಕೊಕ್ಕೆಗೂ ಗೋಡೆಗೂ ನಡುವೆ ಸಾಮಾನ್ಯ ಜೇಡವೊಂದು ಬಲೆ ಕಟ್ಟಿತು. ಅದರಲ್ಲಿ ನಿಜವಾದ ಸೊಳ್ಳೆ, ಸೊಂಡಿಲು ಸಮೇತ, ಕಂಡಿದ್ದೇನೆ. ಅಳಿಯ ಯಂತ್ರ ಒರೆಸುವಾಗ ಬಲೆಯನ್ನೂ ಒರೆಸಿಬಿಟ್ಟರು.

ಬಳಕೆಯ ಮಾತು ಬೇಗ ಮುಗಿಸುತ್ತೇನೆ. ಜಾಲರಿಯಲ್ಲಿ ದುಂಬಿ ಸಿಕ್ಕಿಕೊಂಡರೆ ಬಹಳ ಹೊತ್ತು ಚರಚರ ಅನ್ನುತ್ತದೆ, ಸುಟ್ಟ ವಾಸನೆ ಬರುತ್ತದೆ. ನೊಣ ಸಿಡಿದಾಗ ಅದರ ಚೂರುಗಳು ಟ್ರೇಗಷ್ಟೇ ಬೀಳುವುದಿಲ್ಲ, ಗಾಳಿಯಲ್ಲಿ ಅಷ್ಟು ದೂರ ಹೋಗುತ್ತವೆ. ಮೈಮೇಲಿನ ಬ್ಯಾಕ್ಟೀರಿಯಾ ಜೊತೆಯಲ್ಲೇ. ಊಟದ ಮೇಜಿನ ಹತ್ತಿರ ಖಂಡಿತ ತೂಗುಹಾಕಬೇಡಿ. ಪ್ಲಗ್ ತೆಗೆದ ಮೇಲೂ ಕೆಪಾಸಿಟರಿನಲ್ಲಿ ಸ್ವಲ್ಪ ಹೊತ್ತು ಚಾರ್ಜ್ ಉಳಿದಿರುತ್ತದೆ, ಆದ್ದರಿಂದ ಜಾಲರಿಗೆ ಬರಿ ಬ್ರಷ್ ಸಾಕು, ಬೆರಳು ಬೇಡ.

ಬಾಗಿಲು ಮುಚ್ಚಿದ ಗೋದಾಮಿನಲ್ಲಿ ನೊಣದ ಕಾಟವಿದ್ದವರಿಗೆ ಬೆಳಕಿನ ಬಲೆ ಕೆಲಸಕ್ಕೆ ಬರುತ್ತದೆ. ಅವರೂ ಕರೆಂಟಿನದ್ದನ್ನು ಬಿಟ್ಟು ಅಂಟುಹಾಳೆಯದ್ದನ್ನೇ ತೆಗೆದುಕೊಳ್ಳಲಿ, ಸಿಡಿಯುವ ಗೋಜಿಲ್ಲ. ತೆರೆದ ಬಾಲ್ಕನಿಗೆ, ಅಂಗಳಕ್ಕೆ, ಗಿಡವಿರುವ ಎಲ್ಲಿಗೂ ಬೇಡ. ಸೊಳ್ಳೆಗೆ ಪರದೆ, ಕಿಟಕಿಗೆ ಜಾಲರಿ, ಕೂತಲ್ಲಿ ಒಂದು ಫ್ಯಾನು. ಸೊಳ್ಳೆಯ ಹಾರಾಟ ಅಷ್ಟು ಗಾಳಿಯನ್ನೂ ತಡೆಯಲಾರದು.

ತಯಾರಕರಿಗೆ ಒಂದು ಬೇಡಿಕೆ. ದೀಪಕ್ಕೂ ಜಾಲರಿಗೂ ಒಂದೇ ಸ್ವಿಚ್ ಇಟ್ಟಿದ್ದೀರಿ. ಬೇರೆ ಬೇರೆ ಇಡಿ. ಕರೆಂಟು ಬಂದ್ ಮಾಡಿ, ಹಿಂದೆ ಬಿಳಿ ಬಟ್ಟೆ ಕಟ್ಟಿ, ಬಂದ ಪತಂಗಗಳನ್ನು ಅರ್ಧ ಗಂಟೆ ನೋಡಿ ದೀಪ ಆರಿಸಿದರೆ ಅವು ಅವುಗಳ ಪಾಡಿಗೆ ಹೋಗುತ್ತವೆ. ಆ ಮಾದರಿ ಬಂದರೆ ಹೇಳಿ, ನಾಲ್ಕು ಸ್ಟಾರ್ ಕೊಟ್ಟು ನಾನೇ ಕೊಳ್ಳುತ್ತೇನೆ.