ಘನ ಆಹಾರ ಶುರುವಾದ ಮಗುವಿನ ಮಲಬದ್ಧತೆಗೆ ಪ್ರೂನ್ ಪ್ಯೂರಿ: ಯಾವುದನ್ನು ಕೊಳ್ಳಬೇಕು, ಎಷ್ಟು ಕೊಡಬೇಕು, ಯಾರಿಗೆ ಬೇಡ

ಮಗುವಿನ ಮಲಬದ್ಧತೆಗೆಂದು ಅಂಗಡಿಯಲ್ಲಿ ಸಿಗುವ ಸಾಮಾನುಗಳಲ್ಲಿ, ಡಾಕ್ಟರ ಚೀಟಿಯಿಲ್ಲದೆ ಮನೆಗೆ ತಂದಿಡಲು ಲಾಯಕ್ಕಾದದ್ದು ಒಂದೇ: ಪ್ರೂನ್ ಪ್ಯೂರಿ, ಅಂದರೆ ಒಣಗಿಸಿದ ಪ್ಲಮ್ ಹಣ್ಣನ್ನು ನುಣ್ಣಗೆ ಅರೆದದ್ದು. ಗ್ರೈಪ್ ವಾಟರ್, ಫೈಬರ್ ಪುಡಿ, ಪ್ರೋಬಯಾಟಿಕ್ ಹನಿ (ಕರುಳಿಗೆ ಒಳ್ಳೆಯ ಸೂಕ್ಷ್ಮಜೀವಿಗಳಿರುವ ಹನಿ), ಗ್ಯಾಸ್ ಬಿಡಿಸುವ ನಳಿಕೆ ಇವು ಯಾವುವೂ ಅದರ ಹತ್ತಿರಕ್ಕೆ ಬರುವುದಿಲ್ಲ. ಆದರೆ ಪೌಚಿನ ಮೇಲೆ ಪ್ರೂನ್ ಚಿತ್ರವಿದ್ದ ಮಾತ್ರಕ್ಕೆ ಒಳಗೆ ಇರುವುದೆಲ್ಲ ಪ್ರೂನ್ ಅಲ್ಲ. ಹಾಗೆಯೇ, ಮುಖ ಕೆಂಪಗೆ ಮಾಡಿಕೊಂಡು ತಿಣುಕುವ ಎಲ್ಲ ಮಕ್ಕಳಿಗೂ ಮಲಬದ್ಧತೆ ಇರುವುದಿಲ್ಲ.

ಮೊದಲು ಈ ಎರಡನೆಯ ಮಾತು, ಏಕೆಂದರೆ ಎಷ್ಟೋ ಮನೆಗಳಲ್ಲಿ ಖರೀದಿಯೇ ಬೇಕಾಗಿರುವುದಿಲ್ಲ. ಘನ ಆಹಾರ ಶುರುವಾದ ಮೇಲೆ ಕಕ್ಕದ ಬಣ್ಣ ಗಾಢವಾಗುತ್ತದೆ, ವಾಸನೆ ಜೋರಾಗುತ್ತದೆ, ತೆಳ್ಳಗಿದ್ದದ್ದು ಪೇಸ್ಟಿನಂತೆ ಮಂದವಾಗುತ್ತದೆ. ಇದು ಸಹಜ. ದಿನಕ್ಕೆ ನಾಲ್ಕು ಸಲ ಮಾಡುತ್ತಿದ್ದ ಮಗು ಎರಡು ದಿನಕ್ಕೊಮ್ಮೆ ಮಾಡಿದರೂ, ಬಂದದ್ದು ಮೆತ್ತಗಿದ್ದರೆ ಅದು ಮಲಬದ್ಧತೆಯಲ್ಲ. ಹತ್ತು ನಿಮಿಷಕ್ಕೂ ಮೇಲೆ ತಿಣುಕಿ, ಅತ್ತು, ಕೊನೆಗೆ ಮೆತ್ತಗಿನ ಕಕ್ಕವನ್ನೇ ಮಾಡುವ ಮಕ್ಕಳೂ ಇದ್ದಾರೆ. ಹೊಟ್ಟೆಯಿಂದ ಒತ್ತುವಾಗಲೇ ಗುದದ ಸ್ನಾಯುವನ್ನು ಸಡಿಲ ಬಿಡಬೇಕೆಂಬುದು ಅವಕ್ಕೆ ಇನ್ನೂ ರೂಢಿಯಾಗಿರುವುದಿಲ್ಲ, ಅಷ್ಟೆ. ವೈದ್ಯರು ಇದನ್ನು ಡಿಸ್ಕೀಜಿಯಾ ಎನ್ನುತ್ತಾರೆ. 9 ತಿಂಗಳೊಳಗಿನ ಮಕ್ಕಳಲ್ಲಿ ಕಾಣುತ್ತದೆ, ತಾನಾಗಿಯೇ ಹೋಗುತ್ತದೆ. ಇಂಥ ಮಗುವಿಗೆ ಪ್ರೂನ್ ಕೊಟ್ಟರೆ ಭೇದಿಯಾದೀತೇ ಹೊರತು ತಿಣುಕುವುದು ನಿಲ್ಲುವುದಿಲ್ಲ.

ನಿಜವಾದ ಮಲಬದ್ಧತೆಯ ಗುರುತು ಡೈಪರಿನಲ್ಲೇ ಇರುತ್ತದೆ: ಬಿಡಿಬಿಡಿಯಾದ ಗಟ್ಟಿ ಉಂಡೆಗಳು, ಇಲ್ಲವೇ ಮೈಯೆಲ್ಲ ಬಿರುಕು ಬಿಟ್ಟ ದಪ್ಪ ಮಲ. ಡೈಪರಿಗೆ ಅಂಟಿಕೊಳ್ಳದೆ ಉರುಳಿ ಬೀಳುತ್ತದೆ. ಮಲದ ಹೊರಮೈಯಲ್ಲಿ ತೆಳುವಾದ ಕೆಂಪು ರಕ್ತದ ಗೆರೆ ಕಂಡರೆ, ಸಾಮಾನ್ಯವಾಗಿ ಗುದದ ಅಂಚಿನ ಚರ್ಮ ಸೀಳಿರುತ್ತದೆ. ಈ ಸೀಳೇ ಮುಂದಿನ ಗೋಳಿಗೆ ಮೂಲ. ನೋವಾಗುತ್ತದೆಂದು ಮಗು ತಡೆಹಿಡಿಯುತ್ತದೆ, ತಡೆಹಿಡಿದಷ್ಟೂ ದೊಡ್ಡ ಕರುಳು ನೀರನ್ನು ಹೀರಿ ಮಲವನ್ನು ಇನ್ನಷ್ಟು ಗಟ್ಟಿ ಮಾಡುತ್ತದೆ, ಮುಂದಿನ ಸಲ ಇನ್ನೂ ನೋವು. ಇಂಥ ಮಗುವಿಗೆ ತಡಮಾಡದೆ ಏನಾದರೂ ಮಾಡಬೇಕು, ಪ್ರೂನ್ ಪ್ಯೂರಿಯ ಕೆಲಸ ಇಲ್ಲಿದೆ.

ಪ್ರೂನ್ ಏಕೆ ಕೆಲಸ ಮಾಡುತ್ತದೆ? ಕಾರಣ ಅದರಲ್ಲಿ ಸಹಜವಾಗಿಯೇ ಇರುವ ಸಾರ್ಬಿಟಾಲ್ ಎಂಬ ಸಕ್ಕರೆಯಂಥ ವಸ್ತು. ಸಣ್ಣ ಕರುಳು ಅದನ್ನು ಪೂರ್ತಿ ಹೀರಿಕೊಳ್ಳಲಾರದು, ಉಳಿದದ್ದು ದೊಡ್ಡ ಕರುಳಿಗೆ ಇಳಿದು ಅಲ್ಲಿ ನೀರನ್ನು ಹಿಡಿದಿಡುತ್ತದೆ. 100 ಗ್ರಾಂ ಒಣ ಪ್ರೂನ್‌ನಲ್ಲಿ ಸುಮಾರು 15 ಗ್ರಾಂ ಸಾರ್ಬಿಟಾಲ್ ಇದ್ದರೆ, ಪ್ರೂನ್ ಜ್ಯೂಸಿನಲ್ಲಿ 6 ಗ್ರಾಂ, ತಾಜಾ ಪೇರ್ ಹಣ್ಣಿನಲ್ಲಿ 2 ಗ್ರಾಂ ಆಸುಪಾಸು, ಸೇಬಿನಲ್ಲಿ 1 ಗ್ರಾಂಗಿಂತ ಕಡಿಮೆ. ಜೊತೆಗೆ ಒಣ ಪ್ರೂನ್‌ನಲ್ಲಿ 100 ಗ್ರಾಂಗೆ 7 ಗ್ರಾಂ ಹತ್ತಿರ ನಾರಿನಂಶವಿದೆ, ಜ್ಯೂಸು ಸೋಸುವಾಗ ಅದರ ಬಹುಪಾಲು ಹೋಗುತ್ತದೆ. ಹಾಗಾಗಿ ಜ್ಯೂಸಿಗಿಂತ ಪ್ಯೂರಿಯೇ ಮೇಲು. ಒಂದು ವರ್ಷದೊಳಗಿನ ಮಕ್ಕಳಿಗೆ ಹಣ್ಣಿನ ಜ್ಯೂಸು ಬೇಡವೆಂದು ಅಮೆರಿಕದ ಮಕ್ಕಳ ವೈದ್ಯರ ಸಂಘವಾದ ಅಮೆರಿಕನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್ 2017ರಲ್ಲೇ ಹೇಳಿದೆ. ಮಲಬದ್ಧತೆಗೆ ವೈದ್ಯರು ಹೇಳಿದಾಗ ಕೊಡುವುದು ಅದಕ್ಕೆ ಅಪವಾದ. ಆಗಲೂ 60ರಿಂದ 120 ಮಿ.ಲೀ. ಒಳಗೆ, ಕೆಲವೇ ದಿನ.

ಪ್ಯಾಕೆಟನ್ನು ತಿರುಗಿಸಿ ಹಿಂಬದಿ ನೋಡದೆ ಕೊಳ್ಳಬೇಡಿ. ಪದಾರ್ಥಗಳ ಪಟ್ಟಿಯಲ್ಲಿ ತೂಕ ಹೆಚ್ಚಿರುವುದು ಮೊದಲು ಬರುತ್ತದೆ. 'ಸೇಬು, ಬಾಳೆಹಣ್ಣು, ಪ್ರೂನ್' ಎಂದಿದ್ದರೆ ಅದು ಸೇಬಿನ ಪ್ಯೂರಿ, ಪ್ರೂನ್ ರುಚಿಗಷ್ಟೆ. 'ಪ್ರೂನ್, ನೀರು' ಎಂದಿರುವುದೇ ಬೇಕಾದದ್ದು. ನೀರೇ ಮೊದಲಿದ್ದು ಪ್ರೂನ್ ಎರಡನೆಯದಾಗಿದ್ದರೂ ನಡೆಯುತ್ತದೆ, ಮೂರನೆಯ ಪದಾರ್ಥ ಇರಬಾರದು. ಪೇರ್ ಮತ್ತು ಪ್ರೂನ್ ಸೇರಿದ್ದೂ ತೆಗೆದುಕೊಳ್ಳಬಹುದು, ಎರಡೂ ಒಂದೇ ಕೆಲಸದವು. ಅಕ್ಕಿ ಹಿಟ್ಟು, ಟ್ಯಾಪಿಯೋಕ ಪಿಷ್ಟ ಸೇರಿಸಿ ಮಂದ ಮಾಡಿದ್ದನ್ನು ಅಲ್ಲೇ ಬಿಡಿ. ಸಕ್ಕರೆ ಬೆರೆಸಿದ್ದೂ ಬೇಡ, ಪ್ರೂನ್ ತಾನೇ ಸಾಕಷ್ಟು ಸಿಹಿ.

ಗಾಜಿನ ಜಾಡಿ ಮತ್ತು ಮೂತಿಯಿರುವ ಪೌಚ್ ಎರಡೂ ಸಿಗುತ್ತವೆ. ನಮ್ಮ ಆಯ್ಕೆ ಜಾಡಿ, ಏಕೆಂದರೆ ಅಳತೆ ಕಣ್ಣಿಗೆ ಕಾಣುತ್ತದೆ. ಪೌಚಿನ ಮೂತಿಯನ್ನು ನೇರ ಬಾಯಿಗಿಟ್ಟರೆ ಮಗು ಎಷ್ಟು ಹೀರಿತೆಂದು ಗೊತ್ತಾಗುವುದಿಲ್ಲ. ಪ್ರೂನ್ ವಿಷಯದಲ್ಲಿ ಇದು ಸಣ್ಣ ಮಾತಲ್ಲ: ಇಡೀ ಪೌಚ್ ಒಂದೇ ಸಲ ಹೊಟ್ಟೆಗೆ ಹೋದರೆ ಅಂದು ರಾತ್ರಿ ಹೊಟ್ಟೆನೋವು, ಭೇದಿ ಎರಡೂ ಬರಬಹುದು. ಯಾವುದೇ ಆಗಲಿ, ಬೇಕಾದಷ್ಟನ್ನು ಬಟ್ಟಲಿಗೆ ತೆಗೆದುಕೊಂಡು ತಿನ್ನಿಸಿ. ಬಾಯಿಗಿಟ್ಟ ಚಮಚವನ್ನು ಮತ್ತೆ ಜಾಡಿಗೆ ಹಾಕಿದರೆ ಎಂಜಲಿನ ಜೊತೆ ಸೂಕ್ಷ್ಮಜೀವಿಗಳೂ ಹೋಗುತ್ತವೆ. ತೆರೆದದ್ದನ್ನು ಫ್ರಿಜ್ಜಿನಲ್ಲಿಟ್ಟು 48 ಗಂಟೆಯೊಳಗೆ ಮುಗಿಸಿ.

ಕೊಡುವ ಕ್ರಮ ಹೀಗೆ. ಮೊದಲ ದಿನ ಒಂದೇ ಟೀ ಚಮಚ, ಅಂದರೆ 5 ಮಿ.ಲೀ., ಬೆಳಗಿನ ಊಟದ ಜೊತೆ. ಬೆಳಿಗ್ಗೆಯೇ ಏಕೆಂದರೆ ಗ್ಯಾಸಿನಿಂದ ಕಿರಿಕಿರಿಯಾದರೂ ರಾತ್ರಿಯ ನಿದ್ದೆ ಕೆಡುವುದಿಲ್ಲ. ಎರಡನೆಯ ದಿನವೂ ಗಟ್ಟಿಯಿದ್ದರೆ ಎರಡು ಚಮಚ. ಹೀಗೆ ದಿನಕ್ಕೊಂದು ಚಮಚ ಏರಿಸುತ್ತಾ, ದಿನಕ್ಕೆ ಎರಡು ಟೇಬಲ್ ಚಮಚದ ತನಕ, ಅಂದರೆ ಸುಮಾರು 30 ಮಿ.ಲೀ. ತನಕ ಹೋಗಬಹುದು. ಪರಿಣಾಮ ಒಂದೆರಡು ದಿನದಲ್ಲಿ ಕಾಣಬೇಕು. ಮಲ ಮೆತ್ತಗಾದ ಅಳತೆಯಲ್ಲೇ ನಿಲ್ಲಿಸಿಕೊಳ್ಳಿ, ನೀರಾದರೆ ಅರ್ಧಕ್ಕೆ ಇಳಿಸಿ. ಬಹಳ ಜನ ಎಡವುವುದು ಇದಾದ ಮೇಲೆ: ಒಂದು ಸಲ ಸಲೀಸಾಗಿ ಆಯಿತೆಂದು ಮರುದಿನವೇ ಬಿಟ್ಟುಬಿಡುತ್ತಾರೆ. ಸೀಳಿದ ಚರ್ಮ ಕೂಡಿಕೊಳ್ಳಲು ಸಮಯ ಬೇಕು. ಮೆತ್ತಗಾದ ಮೇಲೂ ಒಂದೆರಡು ವಾರ ಅದೇ ಅಳತೆ ಕೊಟ್ಟು, ಆಮೇಲೆ ಎರಡು ದಿನಕ್ಕೊಂದು ಚಮಚದಂತೆ ಇಳಿಸಿ. ಗುದದ ಸುತ್ತ ಪೆಟ್ರೋಲಿಯಂ ಜೆಲ್ಲಿ ಸವರಿದರೆ ಉರಿ ಕಡಿಮೆಯಾಗುತ್ತದೆ, ಪ್ರೂನ್ ತಿಂದಾಗ ಬರುವ ಡೈಪರ್ ರ‍್ಯಾಷಿಗೂ ತಡೆಯಾಗುತ್ತದೆ. ಕಕ್ಕ ಕಂದಾಗುವುದು, ನಡುವೆ ಪ್ರೂನ್ ಸಿಪ್ಪೆಯ ಕಪ್ಪು ಚೂರು ಕಾಣುವುದು ಗಾಬರಿಪಡುವ ವಿಷಯವಲ್ಲ.

ತಯಾರಾದದ್ದು ದುಬಾರಿ ಎನಿಸಿದರೆ ಬೀಜ ತೆಗೆದ ಒಣ ಪ್ರೂನ್ ಪ್ಯಾಕೆಟ್ ತನ್ನಿ, ಮನೆಯಲ್ಲಿ ಮಾಡಿದ್ದು ಅಂಗಡಿಯದಕ್ಕೆ ಯಾವುದರಲ್ಲೂ ಕಡಿಮೆಯಿಲ್ಲ. ಆರು ಪ್ರೂನ್ ತೊಳೆದು, ಒಂದೊಂದನ್ನೂ ಬಿಡಿಸಿ ಬೆರಳಿನಿಂದ ಒತ್ತಿ ನೋಡಿ. ಬೀಜ ತೆಗೆದದ್ದೆಂದು ಬರೆದಿದ್ದರೂ ಯಂತ್ರಕ್ಕೆ ತಪ್ಪಿದ ಬೀಜದ ಚೂರು ಒಮ್ಮೊಮ್ಮೆ ಉಳಿದಿರುತ್ತದೆ, ಅದು ಮಗುವಿನ ಗಂಟಲಿಗೆ ಅಪಾಯ. ಅರ್ಧ ಲೋಟ ಕುದಿಯುವ ನೀರಿನಲ್ಲಿ ಅರ್ಧ ಗಂಟೆ ಮುಚ್ಚಿಟ್ಟು, ಅದೇ ನೀರಿನ ಜೊತೆ ಅರೆಯಿರಿ, ಜರಡಿಯಲ್ಲಿ ಒತ್ತಿ ಸೋಸಿ. ನೆನೆಸಿದ ನೀರು ಚೆಲ್ಲಿದರೆ ಸಾರ್ಬಿಟಾಲಿನ ಒಂದು ಪಾಲು ಅದರ ಜೊತೆಗೇ ಹೋಗುತ್ತದೆ. ಐಸ್ ಟ್ರೇಯ ಒಂದೊಂದು ಗುಳಿಗೆ 15 ಮಿ.ಲೀ. ಅಳೆದು ಹಾಕಿ ಹೆಪ್ಪುಗಟ್ಟಿಸಿದರೆ ಅಳತೆಗೂ ಸುಲಭ.

ಪ್ರೂನ್ ಕೊಟ್ಟೂ ಪ್ರಯೋಜನ ಕಾಣದಿದ್ದರೆ, ತಟ್ಟೆಯಲ್ಲಿ ಉಳಿದದ್ದು ಏನಿದೆ ನೋಡಬೇಕು. ಅಕ್ಕಿಯ ಸೀರಿಯಲ್, ಪೂರ್ತಿ ಹಣ್ಣಾಗದ ಬಾಳೆಹಣ್ಣು, ಬೇಯಿಸಿದ ಕ್ಯಾರೆಟ್ ಇವೇ ದಿನವೂ ಸುತ್ತುತ್ತಿದ್ದರೆ ಮಲ ಗಟ್ಟಿಯಾಗುವುದು ಸಹಜ. ಬಿಳಿ ಅನ್ನದಲ್ಲಿ ನಾರು 100 ಗ್ರಾಂಗೆ ಅರ್ಧ ಗ್ರಾಂ ಕೂಡ ಇಲ್ಲ, ಬೇಯಿಸಿದ ಹಸಿರು ಬಟಾಣಿಯಲ್ಲಿ 5 ಗ್ರಾಂ ಇದೆ. ಅಕ್ಕಿ ಸೀರಿಯಲ್ ಬಿಟ್ಟು ಓಟ್ಸ್ ಅಥವಾ ಬಾರ್ಲಿಯ ಸೀರಿಯಲ್‌ಗೆ ಬದಲಿಸಿ, ಆದರೆ ಕಬ್ಬಿಣಾಂಶ ಸೇರಿಸಿದ್ದನ್ನೇ ತನ್ನಿ. ಕಬ್ಬಿಣದಿಂದಲೇ ಮಲ ಗಟ್ಟಿಯಾಯಿತೆಂದು ಅಂಥ ಸೀರಿಯಲ್ಲನ್ನೇ ನಿಲ್ಲಿಸುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಸೀರಿಯಲ್ಲಿಗೆ ಬೆರೆಸುವ ಅಳತೆಯ ಕಬ್ಬಿಣ ಮಲಬದ್ಧತೆ ತರುವುದಿಲ್ಲ. ಆರು ತಿಂಗಳ ಹೊತ್ತಿಗೆ ಹುಟ್ಟಿನಿಂದ ಬಂದ ಕಬ್ಬಿಣದ ದಾಸ್ತಾನು ಕರಗುತ್ತಾ ಬಂದಿರುತ್ತದೆ, ಆಗ ತಪ್ಪಿಸಿದರೆ ಮಗುವಿಗೆ ರಕ್ತಹೀನತೆ. ನಾರು ಹೆಚ್ಚಿಸಿದರೆ ನೀರೂ ಬೇಕು: 6ರಿಂದ 12 ತಿಂಗಳ ಮಗುವಿಗೆ ದಿನಕ್ಕೆ 120ರಿಂದ 240 ಮಿ.ಲೀ. ಸಾಕು, ಊಟದ ಜೊತೆ ಗುಟುಕು ಗುಟುಕಾಗಿ. ಎದೆಹಾಲು ಅಥವಾ ಫಾರ್ಮುಲಾ ಕಡಿಮೆಯಾಗುವಷ್ಟು ನೀರು ಬೇಡ. ಫಾರ್ಮುಲಾ ಕೊಡುವವರು ಮೊದಲು ನೀರು ಅಳೆದು ಆಮೇಲೆ ಪುಡಿ ಹಾಕುತ್ತಿದ್ದೀರಾ, ಚಮಚವನ್ನು ಒತ್ತಿ ತುಂಬದೆ ಮಟ್ಟ ಮಾಡುತ್ತಿದ್ದೀರಾ ನೋಡಿಕೊಳ್ಳಿ. ಹಾಲು ಮಂದವಾದರೂ ಮಲ ಗಟ್ಟಿಯಾಗುತ್ತದೆ.

ಉಳಿದ ಸಾಮಾನುಗಳ ಬಗ್ಗೆ ಬೇಗ ಹೇಳಿಬಿಡಬಹುದು. ಗ್ರೈಪ್ ವಾಟರ್ ಗ್ಯಾಸಿಗೆಂದು ಮಾರುವಂಥದ್ದು, ಗಟ್ಟಿ ಮಲವನ್ನು ಮೆತ್ತಗೆ ಮಾಡುವುದೇನೂ ಅದರಲ್ಲಿಲ್ಲ. ಮಲಬದ್ಧತೆಗೆ ಪ್ರೋಬಯಾಟಿಕ್ ಕೊಡಲು ಸಾಕಷ್ಟು ಆಧಾರವಿಲ್ಲವೆಂದು ಯುರೋಪ್ ಮತ್ತು ಉತ್ತರ ಅಮೆರಿಕದ ಮಕ್ಕಳ ಜೀರ್ಣಾಂಗ ತಜ್ಞರ ಸಂಘಗಳು 2014ರ ಮಾರ್ಗಸೂಚಿಯಲ್ಲೇ ಹೇಳಿವೆ. ದೊಡ್ಡವರ ಫೈಬರ್ ಪುಡಿ ಸಾಕಷ್ಟು ನೀರಿಲ್ಲದೆ ಕರುಳಿನಲ್ಲಿ ಗಟ್ಟಿಯಾಗಿ ಕೂರಬಹುದು. ಮಲ ಸಡಿಲಾಗಲೆಂದು ಕುಡಿಸುವ ಮಿನರಲ್ ಆಯಿಲ್ ಬೇಡವೇ ಬೇಡ, ಉಸಿರುದಾರಿಗೆ ಇಳಿದರೆ ಶ್ವಾಸಕೋಶ ಕೆಡುತ್ತದೆ. ಗುದಕ್ಕೆ ತೂರಿಸುವ ನಳಿಕೆ, ಥರ್ಮಾಮೀಟರ್, ಸೋಪಿನ ತುಂಡು ಇವುಗಳಿಂದ ಚರ್ಮಕ್ಕೆ ಗಾಯವಾಗುತ್ತದೆ, ಪದೇ ಪದೇ ಮಾಡಿದರೆ ಮಗು ಹೊರಗಿನಿಂದ ಕೆದಕದೆ ತಾನಾಗಿ ಮಾಡುವುದನ್ನು ಕಲಿಯುವುದಿಲ್ಲ. ಸೋಡಿಯಂ ಫಾಸ್ಫೇಟ್ ಇರುವ ಎನಿಮಾ, ಅಂದರೆ ಗುದದೊಳಗೆ ಬಿಡುವ ದ್ರವ ಔಷಧ, ಎರಡು ವರ್ಷದೊಳಗಿನವರಿಗೆ ಅಪಾಯಕಾರಿ. ರಕ್ತದ ಲವಣಾಂಶ ಏರುಪೇರಾಗಿ ಸಾವೂ ಸಂಭವಿಸಿದೆ, ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2014ರಲ್ಲಿ ಈ ಬಗ್ಗೆ ಎಚ್ಚರಿಸಿತು.

ಗ್ಲಿಸರಿನ್ ಸಪೊಸಿಟರಿಗೆ, ಅಂದರೆ ಗುದದಲ್ಲಿಡುವ ಬತ್ತಿಯಂಥ ಮಾತ್ರೆಗೆ, ಒಂದು ಜಾಗವಿದೆ. ಗಟ್ಟಿ ಮಲ ಬಾಗಿಲಲ್ಲೇ ಸಿಕ್ಕಿಕೊಂಡು ಮಗು ಒದ್ದಾಡುತ್ತಿರುವಾಗ, ವೈದ್ಯರನ್ನು ಕೇಳಿ, ಶಿಶುಗಳಿಗೆಂದೇ ಇರುವ 1 ಗ್ರಾಂನದನ್ನು ನೀರಿನಲ್ಲಿ ಅದ್ದಿ ಇಟ್ಟರೆ ಸಾಮಾನ್ಯವಾಗಿ ಒಂದು ಗಂಟೆಯೊಳಗೆ ಹೊರಬರುತ್ತದೆ. ಅದು ಅಂದಿನ ಕಷ್ಟಕ್ಕೆ ಮಾತ್ರ, ಮೇಲಿನಿಂದ ಬರುತ್ತಿರುವ ಮಲವನ್ನು ಅದು ಮೆತ್ತಗೆ ಮಾಡುವುದಿಲ್ಲ. ಹಾಗಾಗಿ ಅದೇ ದಿನದಿಂದ ಪ್ರೂನ್ ಶುರುವಾಗಬೇಕು. ಪ್ರೂನ್‌ಗೂ ಬಗ್ಗದಿದ್ದರೆ ವೈದ್ಯರು ಬರೆದುಕೊಡುವುದು ಹೆಚ್ಚಾಗಿ ಲ್ಯಾಕ್ಟುಲೋಸ್ ಸಿರಪ್. ಸಾರ್ಬಿಟಾಲಿನಂತೆಯೇ ನೀರು ಹಿಡಿದಿಡುವ ಔಷಧ, ಶಿಶುಗಳಿಗೆ ಸುರಕ್ಷಿತ, ಕೆಲಸಕ್ಕೆ ಒಂದೆರಡು ದಿನ ಹಿಡಿಯುತ್ತದೆ. ಮೊದಲ ದಿನವೇ ಆಗಲಿಲ್ಲವೆಂದು ಬಿಡಬೇಡಿ, ನೀವಾಗಿ ಹೆಚ್ಚಿಸಲೂ ಬೇಡಿ. ಮಗುವಿನ ತೂಕ ನೋಡಿ ಅವರೇ ಅಳತೆ ಹೇಳುತ್ತಾರೆ.

ಜೇನುತುಪ್ಪದ ಮಾತನ್ನು ಬೇರೆಯಾಗಿಯೇ ಹೇಳಬೇಕು. ಒಂದು ವರ್ಷದೊಳಗಿನ ಮಗುವಿಗೆ ಅದನ್ನು ನೆಕ್ಕಿಸಲೂ ಕೂಡದು. ಅದರಲ್ಲಿರಬಹುದಾದ ಬೊಟುಲಿನಂ ಎಂಬ ಬ್ಯಾಕ್ಟೀರಿಯಾದ ಬೀಜಕಣಗಳು ಶಿಶುವಿನ ಕರುಳಿನಲ್ಲಿ ಮೊಳೆತು ವಿಷ ಉತ್ಪಾದಿಸುತ್ತವೆ, ಆ ಕಾಯಿಲೆಯ ಮೊದಲ ಲಕ್ಷಣ ಹಲವು ಸಲ ಮಲಬದ್ಧತೆಯೇ. ಮಲಬದ್ಧತೆಯ ಜೊತೆಗೆ ರೆಪ್ಪೆ ಜೋಲುವುದು, ಅಳು ಕ್ಷೀಣವಾಗುವುದು, ಹಾಲು ಚೀಪಲು ಶಕ್ತಿ ಸಾಲದಿರುವುದು, ಕತ್ತು ನಿಲ್ಲದೆ ಮೈ ಸಡಿಲಾಗುವುದು ಕಂಡರೆ ನೇರ ಆಸ್ಪತ್ರೆಗೆ. ಹಸಿರು ವಾಂತಿ, ಉಬ್ಬಿ ಬಿಗಿದ ಹೊಟ್ಟೆ, ಜ್ವರ, ಮಲದೊಳಗೇ ಬೆರೆತ ರಕ್ತ ಇದ್ದರೂ ಅಷ್ಟೇ. ಹುಟ್ಟಿದ 48 ಗಂಟೆಯೊಳಗೆ ಮೊದಲ ಕಪ್ಪು ಮಲ ಆಗಿರದಿದ್ದ ಮಗು, ಹುಟ್ಟಿದ ವಾರಗಳಿಂದಲೇ ತೊಂದರೆಯಿರುವ ಮಗು, ತೂಕ ಏರದ ಮಗು, ಇವಕ್ಕೆ ಪ್ರೂನ್ ಕೊಟ್ಟು ಕಾಯುತ್ತಾ ಕೂರಬಾರದು, ಮಕ್ಕಳ ವೈದ್ಯರು ನೋಡಬೇಕು. ಹಸುವಿನ ಹಾಲಿನಂಶವಿರುವ ಆಹಾರ ಶುರುವಾದಾಗಿನಿಂದಲೇ ಮಲಬದ್ಧತೆ ಬಂದು ಜೊತೆಗೆ ಎಸ್ಜಿಮಾ (ಚರ್ಮ ಒಣಗಿ ಕೆಂಪಾಗಿ ತುರಿಸುವ ತೊಂದರೆ) ಇದ್ದರೆ, ಹಾಲಿನ ಪ್ರೋಟೀನ್ ಅಲರ್ಜಿಯ ಸಾಧ್ಯತೆಯನ್ನು ಕೇಳಿ. ಎರಡರಿಂದ ನಾಲ್ಕು ವಾರ ಅದನ್ನು ಬಿಡಿಸಿ ನೋಡುವ ಕ್ರಮವಿದೆ, ಆದರೆ ಬದಲಿ ಏನು ಕೊಡಬೇಕೆಂದು ವೈದ್ಯರೇ ಹೇಳಬೇಕು. ಪ್ರೂನ್ ಪೂರ್ತಿ ಅಳತೆಗೆ ಏರಿಸಿ ಒಂದು ವಾರವಾದರೂ ಡೈಪರಿನಲ್ಲಿ ಗಟ್ಟಿ ಉಂಡೆಯೇ ಕಾಣುತ್ತಿದ್ದರೆ ಎರಡನೆಯ ಜಾಡಿ ಕೊಳ್ಳಬೇಡಿ, ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳಿ. ಹೋಗುವಾಗ ಡೈಪರಿನ ಒಂದು ಫೋಟೋ, ಏನೇನು ಎಷ್ಟೆಷ್ಟು ತಿನ್ನಿಸಿದಿರಿ ಎಂಬ ಪಟ್ಟಿ ಜೊತೆಗಿರಲಿ.