ಮೂರು ದೇಶಗಳ ಸಿಗಾರ್, ಜೊತೆಗೊಂದು ತಿರುಚ್ಚಿ ಚುಟ್ಟಾ: ಬೆಳಗಾವಿಯಿಂದ ಒಂದು ಹೋಲಿಕೆ

ನಿಪ್ಪಾಣಿಯ ತಂಬಾಕಿನ ವಖಾರಗಳು ನಮ್ಮ ಜಿಲ್ಲೆಯಲ್ಲೇ ಇರುವಾಗ ಕ್ಯೂಬಾ, ನಿಕರಾಗುವಾಗಳಿಂದ ಬಂದ ತಂಬಾಕಿಗೆ ಇಷ್ಟೊಂದು ದುಡ್ಡು ಸುರಿಯುವುದೇಕೆ ಎಂದು ಬೆಳಗಾವಿಯ ಸ್ನೇಹಿತರು ಕೇಳುವುದುಂಟು. ಪ್ರಶ್ನೆ ಸಹಜವಾದದ್ದೇ. ಆದರೆ ನಿಪ್ಪಾಣಿ ಸೀಮೆಯ ಎಲೆ ಬೀಡಿಗೆಂದು ಬೆಳೆದದ್ದು. ಅದನ್ನು ಬಿಸಿಲಿನಲ್ಲಿ ಒಣಗಿಸಿ, ಪುಡಿ ಮಾಡಿ ಬಳಸುತ್ತಾರೆ. ಸಿಗಾರಿನ ಎಲೆಯನ್ನಾದರೋ ಮುಕ್ಕಾಗದಂತೆ ಕೊಯ್ದು, ನೆರಳಿನ ಕೊಟ್ಟಿಗೆಗಳಲ್ಲಿ ತೂಗುಹಾಕಿ ಗಾಳಿಗೆ ಒಣಗಿಸಿ, ಆಮೇಲೆ ದೊಡ್ಡ ಒಟ್ಟಿಲುಗಳಲ್ಲಿ ಪೇರಿಸಿ ಅದರ ಒಳಗಿನ ಕಾವಿನಿಂದಲೇ ತಿಂಗಳುಗಟ್ಟಲೆ ಹದಕ್ಕೆ ಬರುವಂತೆ ಮಾಡುತ್ತಾರೆ. ಆ ಹದ ಪೂರ್ತಿಯಾಗದ ಎಲೆ ಹಚ್ಚಿದ ಕೂಡಲೇ ಅಮೋನಿಯಾದ ವಾಸನೆ ಕೊಡುತ್ತದೆ, ಮೂಗು ಅದನ್ನು ತಕ್ಷಣ ಗುರುತಿಸುತ್ತದೆ.

ಕೆಲವು ವರ್ಷಗಳಿಂದ ಈ ಹವ್ಯಾಸದಲ್ಲಿರುವ ನನಗೆ ಅನ್ನಿಸಿರುವುದೇನೆಂದರೆ, ನಮ್ಮ ಭಾಗದಲ್ಲಿ ಒಂದು ಸಿಗಾರ್ ಹೇಗಿರುತ್ತದೆ ಎಂಬುದು ಅದರ ದೇಶಕ್ಕಿಂತ ಹೆಚ್ಚಾಗಿ ಅದು ನಮ್ಮ ಕೈಗೆ ಬಂದ ದಾರಿಯನ್ನೂ ಮನೆಯಲ್ಲಿ ಇಟ್ಟ ರೀತಿಯನ್ನೂ ಅವಲಂಬಿಸಿದೆ. ಮುಂದಿನ ಹೋಲಿಕೆಯನ್ನು ಈ ದೃಷ್ಟಿಯಿಂದಲೇ ಬರೆದಿದ್ದೇನೆ. ಸಿಗಾರಿನ ಹೊಗೆಯನ್ನು ಎದೆಗೆ ಎಳೆದುಕೊಳ್ಳುವುದಿಲ್ಲ, ಬಾಯಲ್ಲಿಟ್ಟು ಬಿಡುತ್ತೇವೆ. ಹಾಗೆಂದು ಬಾಯಿ, ಗಂಟಲು, ಅನ್ನನಾಳದ ಕ್ಯಾನ್ಸರಿನ ಅಪಾಯ ತಪ್ಪುವುದಿಲ್ಲ. ಕರ್ನಾಟಕದಲ್ಲಿ 21 ವರ್ಷ ತುಂಬದವರಿಗೆ ತಂಬಾಕು ಮಾರುವಂತೆಯೂ ಇಲ್ಲ. ಈಗಾಗಲೇ ಸೇದುವ ವಯಸ್ಕರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದ ಮಾತುಗಳಿವು.

ಹೋಲಿಕೆಗೆ ಸಮಾನ ನೆಲೆ ಬೇಕು. ಆದ್ದರಿಂದ ಎಲ್ಲ ಸಿಗಾರ್‌ಗಳನ್ನೂ ಒಂದೇ ಪೆಟ್ಟಿಗೆಯಲ್ಲಿ, ಶೇಕಡಾ 65ರ ತೇವಾಂಶದಲ್ಲಿ ತಿಂಗಳಿಗೂ ಹೆಚ್ಚು ಕಾಲ ಬಿಟ್ಟು, ರಾತ್ರಿಯ ಊಟವಾದ ಮೇಲೆ ನಮ್ಮ ಮನೆಯ ಮಾಳಿಗೆಯ ಮೇಲೆ, ನೀರಿನ ಟ್ಯಾಂಕಿನ ಮರೆಯಲ್ಲಿ ಕುಳಿತು ಸೇದಿದ್ದೇನೆ. ಟ್ಯಾಂಕಿನ ಮರೆ ಏಕೆಂದರೆ ಬೆಳಗಾವಿಯ ಗಾಳಿ ಸಾಮಾನ್ಯದ್ದಲ್ಲ. ಗಾಳಿಗೆ ಸಿಕ್ಕ ಸಿಗಾರ್ ಒಂದೇ ಮಗ್ಗುಲಿಗೆ ಉರಿದು, ಬಿಸಿಯೇರಿ, ಎಂಥ ಎಲೆಯಾದರೂ ಕಹಿಯಾಗುತ್ತದೆ. ಜೊತೆಗೆ ಕುಡಿದದ್ದು ಸಕ್ಕರೆಯಿಲ್ಲದ ಕಪ್ಪು ಚಹಾ ಮಾತ್ರ.

ಕ್ಯೂಬಾದಿಂದ ಆರಿಸಿಕೊಂಡದ್ದು ಮಾಂಟೆಕ್ರಿಸ್ಟೊ ನಂಬರ್ 4. 1935ರಲ್ಲಿ ಹುಟ್ಟಿದ ಈ ಬ್ರ್ಯಾಂಡಿನ ಈ ಅಳತೆ 129 ಮಿಲಿಮೀಟರ್ ಉದ್ದ, 42 ರಿಂಗ್ ಗೇಜ್. ರಿಂಗ್ ಗೇಜ್ ಎಂದರೆ ಒಂದು ಇಂಚಿನ 64ನೇ ಒಂದು ಭಾಗ. 42 ಎಂದಾಗ ದಪ್ಪ ಹದಿನೇಳು ಮಿಲಿಮೀಟರಿಗೆ ಸ್ವಲ್ಪ ಕಡಿಮೆ ಎಂದಾಯಿತು. ಹಚ್ಚುವ ಮೊದಲು ತುದಿಯ ಟೋಪಿಯನ್ನು ಎರಡು ಮಿಲಿಮೀಟರಿನಷ್ಟೇ ಕತ್ತರಿಸಿ ಬರಿಯ ಗಾಳಿ ಎಳೆದು ನೋಡಿದರೆ ಒಣಹುಲ್ಲಿನ, ಸ್ವಲ್ಪ ದನದ ಹಟ್ಟಿಯ ವಾಸನೆ ಬರುತ್ತದೆ. ಅದು ದೋಷವಲ್ಲ, ಹದವಾಗಿ ಹುದುಗಿದ ಎಲೆಯ ಲಕ್ಷಣ. ಹಚ್ಚಿದ ಮೇಲೆ ಮೊದಲ ಕಾಲುಭಾಗದಲ್ಲಿ ಹೇಳಿಕೊಳ್ಳುವಂಥದ್ದೇನೂ ಇರುವುದಿಲ್ಲ. ನಡುವಿಗೆ ಬಂದಾಗ ಹುರಿದ ಕಾಫಿಬೀಜ, ಮರದ ಸಿಪ್ಪೆ, ನಾಲಿಗೆಯ ಅಂಚಿನಲ್ಲಿ ಸಣ್ಣ ಉಪ್ಪು, ಹೀಗೆ ಒಂದೊಂದಾಗಿ ಬರುತ್ತವೆ. ಪಿನಾರ್ ದೆಲ್ ರಿಯೊ ಪ್ರಾಂತದ ವುಯೆಲ್ತಾ ಅಬಾಹೊ ನೆಲದ ಗುಣ ಎಂದು ಬಲ್ಲವರು ಹೇಳುವುದು ಇದನ್ನೇ ಇರಬೇಕು. ಬೇರೆ ದೇಶದ ಎಲೆಯಲ್ಲಿ ನನಗೆ ಇದು ಸಿಕ್ಕಿಲ್ಲ. ಮುಕ್ಕಾಲು ಗಂಟೆಯೊಳಗೆ ಮುಗಿಯುವುದರಿಂದ ವಾರದ ದಿನಗಳಿಗೂ ಹೊಂದುತ್ತದೆ.

ಕ್ಯೂಬಾದ ಸಿಗಾರ್‌ಗಳ ಮೇಲೆ ಬಹುಕಾಲದಿಂದ ಇರುವ ದೂರು ಎಳೆತದ್ದು. ಕೈಯಿಂದ ಸುತ್ತುವಾಗ ಒಳ ಎಲೆಗಳು ತಿರುಚಿಕೊಂಡರೆ ಹೊಗೆಗೆ ದಾರಿ ಇರುವುದಿಲ್ಲ. ಸಣ್ಣ ಗೇಜಿನಲ್ಲಿ ಇದರ ಸಂಭವ ಹೆಚ್ಚು. ನನಗೂ ಅಂಥದ್ದೊಂದು ಸಿಕ್ಕಿತ್ತು, ಯಾವ ಹೆಸರಿನದೆಂದು ಹೇಳುವುದು ಬೇಡ. ಉದ್ದನೆಯ ಸೂಜಿ ತೂರಿಸಿ ಸರಿಪಡಿಸಲು ಹೋದಾಗ ಹೊರ ಎಲೆಯೂ ಬಿರಿಯಿತು, ದುಡ್ಡೂ ಹೊಗೆಯಾಯಿತು.

ನಿಕರಾಗುವಾದ ಪರವಾಗಿ ನಿಂತದ್ದು ಪಡ್ರೊನ್ 2000, ಐದು ಇಂಚು ಉದ್ದ, 50 ಗೇಜ್. ಕ್ಯೂಬಾ ಬಿಟ್ಟು ಹೊರಟ ಹೊಸೆ ಒರ್ಲಾಂಡೊ ಪಡ್ರೊನ್ 1964ರಲ್ಲಿ ಮಯಾಮಿಯಲ್ಲಿ ಆರಂಭಿಸಿದ ಸಂಸ್ಥೆ ಇದು. ಈಗಿನ ತಯಾರಿಕೆ ನಿಕರಾಗುವಾದ ಎಸ್ತೆಲಿಯಲ್ಲಿ ನಡೆಯುತ್ತದೆ. ಆ ದೇಶದ ನೆಲ ಜ್ವಾಲಾಮುಖಿಯ ಬೂದಿ ಬೆರೆತದ್ದು. ಇದು ನ್ಯಾಚುರಲ್, ಮದೂರೊ ಎಂಬ ಎರಡು ಬಗೆಗಳಲ್ಲಿ ಬರುತ್ತದೆ. ಹೊರ ಎಲೆಯನ್ನು ಇನ್ನಷ್ಟು ಕಾಲ ಹುದುಗಿಸಿ ಕಪ್ಪಾಗಿಸಿದ್ದು ಮದೂರೊ. ನಾನು ಸೇದಿದ್ದು ಅದನ್ನೇ. ಮೊದಲ ಎಳೆತಕ್ಕೇ ಕರಿಮೆಣಸು, ಅದರ ಬೆನ್ನಿಗೇ ಕೋಕೋ. ನಡುವಿನ ನಂತರ ಬೆಲ್ಲದ ಪಾಕ ತಳ ಹಿಡಿಯುವ ಹೊತ್ತಿನ ಘಮ. ಬೂದಿ ಗಟ್ಟಿಯಾಗಿ ನಿಂತು, ಒಂದು ಇಂಚು ದಾಟಿದ ಮೇಲೆ ತಾನಾಗಿ ಉದುರುತ್ತದೆ. ಎಳೆತದಲ್ಲಿ ಎಲ್ಲಿಯೂ ತೊಡಕಾಗಲಿಲ್ಲ.

ಚಹಾದ ನಿಯಮವನ್ನು ಇದೊಂದರಲ್ಲಿ ಮುರಿದಿದ್ದೇನೆ. ಮದೂರೊದ ಜೊತೆಗೆ ಬೆಳಗಾವಿಯ ಕುಂದಾ ಒಂದು ಚಮಚ ಬಾಯಿಗೆ ಹಾಕಿಕೊಂಡು ನೋಡಿ. ಹಾಲು ಇಂಗಿ, ಸಕ್ಕರೆ ಕಂದಿ ಬಂದ ರುಚಿ ಒಂದು ಕಡೆ, ಹುದುಗಿದ ಎಲೆಯ ರುಚಿ ಇನ್ನೊಂದು ಕಡೆ; ಎರಡೂ ಒಂದನ್ನೊಂದು ಕೊಲ್ಲದೆ ಉಳಿಯುತ್ತವೆ. ಸಿಹಿಗೆ ಇನ್ನೊಂದು ಉಪಯೋಗವಿದೆ. ಗಿಡದ ತುದಿಯ, ಬಿಸಿಲು ಹೆಚ್ಚು ಉಂಡ ಎಲೆಗೆ ಲಿಗೇರೊ ಎನ್ನುತ್ತಾರೆ, ನಿಕೋಟಿನ್ ಅದರಲ್ಲಿ ಹೆಚ್ಚು. ಖಾಲಿ ಹೊಟ್ಟೆಯಲ್ಲಿ ಇಂಥ ಸಿಗಾರ್ ಸೇದಿದವರಿಗೆ ತಲೆ ಸುತ್ತಿ, ಬೆವರೊಡೆದು, ವಾಂತಿ ಬರುವಂತಾಗುವುದುಂಟು. ಆಗ ಸಿಗಾರ್ ಕೆಳಗಿಟ್ಟು ಸಿಹಿ ತಿಂದರೆ ಸ್ವಲ್ಪ ಹೊತ್ತಿನಲ್ಲಿ ಸುಧಾರಿಸುತ್ತದೆ ಎನ್ನುತ್ತಾರೆ.

ಡೊಮಿನಿಕನ್ ಗಣರಾಜ್ಯದ ಡೇವಿಡಾಫ್ ಸಿಗ್ನೇಚರ್ 2000 ಬಗ್ಗೆ ಬರೆಯುವುದಕ್ಕೆ ಹೆಚ್ಚಿಲ್ಲ. ಹಿಂದೆ ಕ್ಯೂಬಾದಲ್ಲೇ ತಯಾರಾಗುತ್ತಿದ್ದ ಈ ಹೆಸರು 1990ರ ಸುಮಾರಿಗೆ ಅಲ್ಲಿಂದ ಹೊರಬಂದು ಡೊಮಿನಿಕನ್ ಎಲೆಗೆ ತಿರುಗಿತು. ಹೊರ ಎಲೆ ತಿಳಿ ಕಂದು ಬಣ್ಣದ್ದು, ರುಚಿ ಕೆನೆಯಂತೆ ಮೃದು, ತಯಾರಿಕೆಯಲ್ಲಿ ಕುಂದು ಹುಡುಕುವುದು ಕಷ್ಟ. ಬೆಳಗಿನ ಕಾಫಿಯ ಜೊತೆ ಸೇದುವವರಿಗೆ ಒಪ್ಪುತ್ತದೆ. ಜೋಳದ ರೊಟ್ಟಿ, ಕೆಂಪು ಖಾರ, ಬೆಳ್ಳುಳ್ಳಿ ಉಂಡೆದ್ದ ಉತ್ತರ ಕರ್ನಾಟಕದ ನಾಲಿಗೆಗೆ ಅದರ ಸೂಕ್ಷ್ಮ ಮುಟ್ಟುವುದೇ ಇಲ್ಲ ಎಂಬುದು ನನ್ನ ಅನುಮಾನ. ಈ ಬೆಲೆಗೆ ನಾನಂತೂ ಮತ್ತೆ ಕೊಳ್ಳಲಾರೆ.

ಈ ಸಾಲಿನಲ್ಲಿ ತಿರುಚ್ಚಿಯ ಚುಟ್ಟಾವನ್ನು ಸೇರಿಸಿದ್ದಕ್ಕೆ ಹವ್ಯಾಸಿಗಳು ಮುಖ ಸಿಂಡರಿಸಬಹುದು. ತಿರುಚ್ಚಿಯ ಉರೈಯೂರಿನಲ್ಲಿ ಕೈಯಿಂದ ಸುತ್ತುವ ಈ ಚುಟ್ಟಾಕ್ಕೆ ಬ್ರಿಟಿಷರ ಕಾಲದಲ್ಲಿ ಇಂಗ್ಲೆಂಡಿನಲ್ಲಿಯೂ ಗಿರಾಕಿಗಳಿದ್ದರು; 1896ರಲ್ಲಿ ಬೆಂಗಳೂರಿಗೆ ಬಂದಿದ್ದ ತರುಣ ಸೈನ್ಯಾಧಿಕಾರಿ ಚರ್ಚಿಲ್‌ಗೂ ಇದು ಪ್ರಿಯವಾಗಿತ್ತೆಂಬ ಮಾತು ಪ್ರಸಿದ್ಧವಾಗಿದೆ. ಎರಡೂ ತುದಿ ತೆರೆದಿರುವುದರಿಂದ ಕತ್ತರಿಯ ಹಂಗಿಲ್ಲ, ತೇವದ ಪೆಟ್ಟಿಗೆಯ ಹಂಗೂ ಇಲ್ಲ. ರುಚಿ ಒಂದೇ ಎಳೆಯದು: ಒರಟು, ಒಣ, ನೇರ. ಆರಂಭದಲ್ಲಿ ಇದ್ದದ್ದೇ ಕೊನೆಯಲ್ಲೂ ಇರುತ್ತದೆ, ಅರ್ಧಕ್ಕೆ ಬಂದಾಗ ಗಂಟಲು ಕೆರೆಯುತ್ತದೆ. ಆದರೂ ಗಾಳಿ ಬೀಸುವ ಸಂಜೆ ಮರೆಯಿಲ್ಲದ ಕಡೆ ಕೂರಬೇಕಾದಾಗ ನಾನು ಹಚ್ಚುವುದು ಇದನ್ನೇ. ಅರ್ಧಕ್ಕೇ ಬಿಸುಟರೂ ಹೊಟ್ಟೆ ಉರಿಯದಂಥ ಬೆಲೆ ಇದೊಂದಕ್ಕೆ ಮಾತ್ರ.

ರುಚಿಯೊಂದನ್ನೇ ನೋಡಿದರೆ ನಾನು ಕ್ಯೂಬಾದ ಕಡೆಯವನು. ಆದರೆ ನನ್ನ ಪೆಟ್ಟಿಗೆಯಲ್ಲಿ ಹೆಚ್ಚು ಜಾಗ ಹಿಡಿದಿರುವುದು ನಿಕರಾಗುವಾ. ಇದಕ್ಕೆ ಕಾರಣ ಕೊಳ್ಳುವ ದಾರಿಯಲ್ಲಿದೆ. 2022ರಲ್ಲಿ, ಕ್ಯೂಬಾದ ಸಿಗಾರ್‌ಗಳನ್ನು ಜಗತ್ತಿಗೆ ಮಾರುವ ಹಬಾನೊಸ್ ಸಂಸ್ಥೆ ತನ್ನ ಕೊಹಿಬಾ, ಟ್ರಿನಿಡಾಡ್ ಎಂಬ ಬ್ರ್ಯಾಂಡುಗಳ ಬೆಲೆಯನ್ನು ಜಗತ್ತಿನಾದ್ಯಂತ ಒಂದೇ ಎತ್ತರಕ್ಕೆ ಏರಿಸಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಇಯಾನ್ ಚಂಡಮಾರುತ ಪಿನಾರ್ ದೆಲ್ ರಿಯೊದ ಎಲೆ ಒಣಗಿಸುವ ಕೊಟ್ಟಿಗೆಗಳನ್ನು ನೆಲಸಮ ಮಾಡಿತು. ಬೆಲೆ ಏರಿ, ಸರಕು ವಿರಳವಾದ ಕಡೆ ನಕಲಿ ಮಾಲು ತಾನಾಗಿ ಹುಟ್ಟುತ್ತದೆ, ಮತ್ತು ನಕಲಿಯ ಮೊದಲ ಗುರಿ ಕ್ಯೂಬಾ.

ಬೆಳಗಾವಿಯವರಿಗೆ ಇರುವ ದಾರಿಗಳು ಮುಖ್ಯವಾಗಿ ಮೂರು. ಚೋರ್ಲಾ ಘಾಟಿ ಇಳಿದು ಗೋವಾಕ್ಕೆ ಹೋಗುವುದು ಎಲ್ಲಕ್ಕಿಂತ ಹತ್ತಿರದ್ದು, ಎಲ್ಲಕ್ಕಿಂತ ಹೆಚ್ಚು ಎಚ್ಚರ ಬೇಡುವುದೂ ಅದೇ. ಸಮುದ್ರ ತೀರದ ಒಂದು ಅಂಗಡಿಯಲ್ಲಿ ಗಾಜಿನ ಮುಚ್ಚಳದ ಪೆಟ್ಟಿಗೆಯಲ್ಲಿ ಕೊಹಿಬಾ ಎಂದು ತೋರಿಸಿದರು. ಕ್ಯೂಬಾದಿಂದ ಗಾಜಿನ ಮುಚ್ಚಳದ ಪೆಟ್ಟಿಗೆ ಹೊರಬರುವುದೇ ಇಲ್ಲವಾದ್ದರಿಂದ ಅಲ್ಲಿ ಬೇರೆ ಪರೀಕ್ಷೆಯೇ ಬೇಕಾಗಲಿಲ್ಲ. ಅಸಲಿ ಪೆಟ್ಟಿಗೆಗೆ ಹಸಿರು ಖಾತರಿ ಚೀಟಿ ಅಂಟಿಸಿರುತ್ತಾರೆ, ತಳದಲ್ಲಿ ತಯಾರಾದ ತಿಂಗಳು, ವರ್ಷದ ಮುದ್ರೆ ಇರುತ್ತದೆ. ಭಾರತಕ್ಕೆ ಕಾನೂನುಬದ್ಧವಾಗಿ ಆಮದಾದ ಪೊಟ್ಟಣದ ಮೇಲೆ ನಮ್ಮ ಸರ್ಕಾರ ವಿಧಿಸಿದ ಆರೋಗ್ಯ ಎಚ್ಚರಿಕೆಯ ದೊಡ್ಡ ಚಿತ್ರವೂ ಆಮದುದಾರರ ಹೆಸರು, ಗರಿಷ್ಠ ಮಾರಾಟ ಬೆಲೆಯೂ ಇರಲೇಬೇಕು. ನೋಡಲು ಅಸಹ್ಯವೆನಿಸುವ ಆ ಚಿತ್ರವೇ ಇಲ್ಲಿ ಕೊಳ್ಳುವವನ ಒಳ್ಳೆಯ ಸಾಕ್ಷಿ.

ಎರಡನೆಯದು ಬೆಂಗಳೂರು ಅಥವಾ ಮುಂಬೈಯ ಹಳೆಯ ತಂಬಾಕು ಅಂಗಡಿಗಳು. ಬೆಲೆಯಲ್ಲಿ ತೆರಿಗೆಯ ಭಾರವೆಲ್ಲ ಸೇರಿರುತ್ತದೆ, ಆದರೆ ಸರಕು ತೇವದ ಕಪಾಟಿನಿಂದ ನೇರವಾಗಿ ಬರುತ್ತದೆ, ಮೂರರ ಅಥವಾ ಐದರ ಸಣ್ಣ ಪೊಟ್ಟಣ ಕೊಂಡು ಪರೀಕ್ಷಿಸಬಹುದು. ಮೂರನೆಯದು ವಿದೇಶದಿಂದ ಬರುವ ಬಂಧುಗಳು. ಸುಂಕವಿಲ್ಲದೆ ಒಬ್ಬರು ತರಬಹುದಾದದ್ದು 25 ಸಿಗಾರ್. ಆದರೆ 100 ಸಿಗರೇಟನ್ನೋ 125 ಗ್ರಾಂ ತಂಬಾಕನ್ನೋ ತಂದರೆ ಅದರ ಬದಲಿಗೆಂದೇ ಲೆಕ್ಕ. ನನ್ನ ಪಡ್ರೊನ್ ಬಂದದ್ದು ಈ ದಾರಿಯಲ್ಲಿ, ದುಬೈಯಲ್ಲಿರುವ ಸೋದರಮಾವನ ಮಗನ ಸೂಟ್‌ಕೇಸಿನಲ್ಲಿ. ಅವನಿಗೆ ಬ್ರ್ಯಾಂಡು, ಅಳತೆ, ಬಣ್ಣ ಮೂರನ್ನೂ ಬರೆದು ಕಳಿಸಬೇಕು, ಇಲ್ಲದಿದ್ದರೆ ವೆನಿಲಾ ವಾಸನೆಯ ಸಿಗಾರ್ ಬಂದೀತು.

ಇಡುವ ವಿಷಯದಲ್ಲಿ ಮರದ ಹ್ಯೂಮಿಡಾರ್ (ಸಿಗಾರಿನ ತೇವ ಕಾಯುವ ಪೆಟ್ಟಿಗೆ) ಮತ್ತು ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ ಎರಡನ್ನೂ ಇಟ್ಟು ನೋಡಿದ್ದೇನೆ. ಮರದ ಪೆಟ್ಟಿಗೆ ಟೀಪಾಯಿಯ ಮೇಲೆ ಚೆನ್ನಾಗಿ ಕಾಣುತ್ತದೆ, ಅಷ್ಟೇ. ಜುಲೈನಲ್ಲಿ ಇಲ್ಲಿಯ ಬಟ್ಟೆಯೇ ಒಣಗುವುದಿಲ್ಲ. ಆ ಹವೆ ಮುಚ್ಚಳದ ಸಂದಿನಲ್ಲಿ ನುಗ್ಗಿ ತೇವಾಂಶ 75 ದಾಟಿದರೆ ಸಿಗಾರ್ ಊದಿಕೊಂಡು, ಹೊರ ಎಲೆಯ ಮೇಲೆ ಬೂಷ್ಟು ಹಿಡಿಯುತ್ತದೆ. ಏಪ್ರಿಲ್ ತಿಂಗಳಿನಲ್ಲಿ ಅದೇ ಪೆಟ್ಟಿಗೆ ಒಣಗಿ ನಿಲ್ಲುತ್ತದೆ. ಅಡುಗೆಮನೆಯ ಬಿಗಿ ಮುಚ್ಚಳದ ಡಬ್ಬಿಯಲ್ಲಿ 65ರ ಬೊವೆಡಾ ಪೊಟ್ಟಣವೊಂದನ್ನು ಹಾಕಿಟ್ಟರೆ ಅದು ಹೆಚ್ಚಿದ ತೇವವನ್ನು ಹೀರುತ್ತದೆ, ಕಡಿಮೆಯಾದಾಗ ಬಿಡುತ್ತದೆ. ಮಳೆಗಾಲ, ಬೇಸಿಗೆ ಎರಡರಲ್ಲೂ ತೇವಮಾಪಕದ ಮುಳ್ಳು ಅಲುಗಾಡಲಿಲ್ಲ.

ತೇವಕ್ಕಿಂತ ಶಾಖ ಕೆಟ್ಟದ್ದು. ಎಲೆಯೊಳಗೆ ಮೊಟ್ಟೆಯಾಗಿ ಮಲಗಿರುವ ತಂಬಾಕಿನ ಹುಳು 25 ಡಿಗ್ರಿ ಮೀರಿದ ಕಡೆ ಎದ್ದು ಕೊರೆಯತೊಡಗುತ್ತದೆ. ಬೆಳಗಾವಿಯ ತಂಪಿನಲ್ಲಿ ಮುಖ್ಯವಾಗಿ ಬೇಸಿಗೆಯಲ್ಲಿ ಕಾಯಬೇಕು, ಆದರೆ ಬಾಗಲಕೋಟೆಯಲ್ಲಿರುವ ನಮ್ಮ ಷಡ್ಡಕರ ಕಪಾಟಿನಲ್ಲಿ ಮೇ ತಿಂಗಳು ಕಳೆಯುವಷ್ಟರಲ್ಲಿ ಸಿಗಾರ್‌ಗಳ ಮೇಲೆ ಗುಂಡುಸೂಜಿ ಚುಚ್ಚಿದಂಥ ತೂತುಗಳೂ ಕೆಳಗೆ ಸಣ್ಣ ಹುಡಿಯೂ ಕಂಡವು. ಆ ಕಡೆಯವರು ಹೊಸದಾಗಿ ತಂದದ್ದನ್ನು ಎರಡು ಚೀಲಗಳಲ್ಲಿ ಗಾಳಿ ತೆಗೆದು ಕಟ್ಟಿ, ಮೊದಲು ಒಂದು ದಿನ ಫ್ರಿಜ್‌ನಲ್ಲಿ, ಬಳಿಕ ಮೂರು ದಿನ ಫ್ರೀಜರ್‌ನಲ್ಲಿ, ಮತ್ತೆ ಒಂದು ದಿನ ಫ್ರಿಜ್‌ನಲ್ಲಿ ಇಟ್ಟು ಹೊರತೆಗೆಯಬೇಕು. ಒಮ್ಮೆಲೇ ಬಿಸಿಗೆ ತಂದರೆ ಹೊರ ಎಲೆ ಸೀಳುತ್ತದೆ. ಫ್ರೀಜರ್‌ನಲ್ಲಿ ಬಟಾಣಿಯ ಪಕ್ಕಕ್ಕೆ ಇದಕ್ಕೂ ಜಾಗ ಕೊಡಲು ಮನೆಯವರನ್ನು ಒಪ್ಪಿಸುವ ಕೆಲಸ ಮಾತ್ರ ಅವರವರಿಗೇ ಬಿಟ್ಟದ್ದು. ನಮ್ಮ ಷಡ್ಡಕರಿಗೆ ಅದು ಇನ್ನೂ ಸಾಧ್ಯವಾಗದೆ, ಈಗ ತಮ್ಮ ಸಿಗಾರ್‌ಗಳನ್ನು ಬೆಳಗಾವಿಗೆ ತಂದು ನನ್ನ ಡಬ್ಬಿಯಲ್ಲೇ ಇಡುತ್ತಿದ್ದಾರೆ.